ನಾಲ್ಕಕ್ಷರದ ತಂಡ

ಕೊಲ್ಹಾಪುರಕ್ಕೂ ಒಂದು ಕ್ರಿಕೆಟ್ ತಂಡ ಇದೆ. ಕೊಲ್ಹಾಪುರ ಟಸ್ಕರ್ಸ್. ದಂತವಿರುವ ಆನೆಗಳು ಅಂತ ಅರ್ಥ. 2023ರಲ್ಲಿ ಮಹಾರಾಷ್ಟ್ರ ಪ್ರೀಮಿಯರ್ ಲೀಗ್ ಶುರುವಾದಾಗ ಹುಟ್ಟಿದ ತಂಡ.

ಮಾಲೀಕರು ಪುಣೆಯ ಪುನೀತ್ ಬಾಲನ್ ಗ್ರೂಪ್. ಮೊದಲ ನಾಯಕ ಕೇದಾರ್ ಜಾಧವ್, ಪುಣೆಯವರು. ಆಮೇಲೆ ಬಂದ ರಾಹುಲ್ ತ್ರಿಪಾಠಿ ಹುಟ್ಟಿದ್ದು ರಾಂಚಿ, ಕ್ರಿಕೆಟ್ ಕಲಿತದ್ದು ಪುಣೆ. ಮೈದಾನ ಗಹುಂಜೆ, ಪುಣೆ ದಾಟಿದ ಮೇಲೆ ಮುಂಬೈ ದಾರಿಯಲ್ಲಿ. 2023, 2024, 2025: ಮೂರು ಸೀಸನ್ ಮುಗಿದವು. ಕೊಲ್ಹಾಪುರದ ತಂಡ ಕೊಲ್ಹಾಪುರದಲ್ಲಿ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ.

ಹಾಗಾದರೆ ಇದರಲ್ಲಿ ಕೊಲ್ಹಾಪುರದ್ದು ಏನು ಅಂತ ಕೇಳಬೇಡಿ. ನಾಲ್ಕಕ್ಷರ ಇವೆಯಲ್ಲ.

ಆ ನಾಲ್ಕಕ್ಷರಕ್ಕೆ ಮಾಲೀಕರು ಕೊಟ್ಟ ಬೆಲೆ 11 ಕೋಟಿ. ಅದೇ ವರ್ಷ ಹರಾಜಿನಲ್ಲಿ ಆಟಗಾರರನ್ನು ಕೊಳ್ಳಲು ಪ್ರತಿ ತಂಡಕ್ಕೆ ಇಟ್ಟ ಮಿತಿ 20 ಲಕ್ಷ. ಅಕ್ಷರಕ್ಕೆ ಎರಡು ಮುಕ್ಕಾಲು ಕೋಟಿ. ಹರಾಜಾದ ಹುಡುಗರಿಗೆಲ್ಲ ಸೇರಿ ಇಪ್ಪತ್ತು ಲಕ್ಷ. ನಮ್ಮ ಕಡೆ ದನದ ಸಂತೆಯಲ್ಲಿ ಎಂತೆಂಥ ದಲಾಲರನ್ನೋ ನೋಡಿದ್ದೇನೆ. ಎತ್ತಿಗಿಂತ ಮೂಗುದಾರಕ್ಕೆ ಹೆಚ್ಚು ದುಡ್ಡು ಎಣಿಸಿದವನನ್ನು ನೋಡಿರಲಿಲ್ಲ.

ಮೊದಲ ವರ್ಷವೇ ಫೈನಲ್ ಮುಟ್ಟಿದರು. ಜೂನ್ ತಿಂಗಳ ಕೊನೆ, ಘಟ್ಟದ ಮಗ್ಗುಲು. ಅಲ್ಲಿಯ ರೈತರು ಭತ್ತದ ಸಸಿಮಡಿ ನೋಡುವ ಹೊತ್ತಿನಲ್ಲಿ ಇವರು ಪಿಚ್ ನೋಡುತ್ತಿದ್ದರು. ಮಳೆ ಬಂತು. ಬರದೆ ಏನು ಮಾಡೀತು? ಪಂದ್ಯ ಅರ್ಧಕ್ಕೇ ನಿಂತು, ಅಂಕಪಟ್ಟಿಯಲ್ಲಿ ಮೇಲಿದ್ದ ರತ್ನಾಗಿರಿ ಜೆಟ್ಸ್‌ಗೆ ಕಪ್ ಹೋಯಿತು.

ಆದರೂ ಕೊಲ್ಹಾಪುರ ಪುಣ್ಯ ಮಾಡಿತ್ತು. ಸೋಲಾಪುರವನ್ನು ನೋಡಿ. ಮೊದಲ ವರ್ಷ ಸೋಲಾಪುರ ರಾಯಲ್ಸ್ ಇತ್ತು. ಆಮೇಲೆ ಪಟ್ಟಿಯಲ್ಲಿ ರಾಯಗಡ ರಾಯಲ್ಸ್ ಬಂತು. ಊರು ಹೋಯಿತು, ರಾಯಲ್ಸ್ ಉಳಿಯಿತು.

ಕೊಲ್ಹಾಪುರದವರಿಗೆ ಸಿಟ್ಟೇ ಬರುವುದಿಲ್ಲ ಅಂದುಕೊಂಡೀರಿ. ಬರುತ್ತದೆ, ಜೋರಾಗಿಯೇ ಬರುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿ ಚಪ್ಪಲಿ ತೊಡಿಸಿ ಹುಡುಗರನ್ನು ನಡೆಸಿತು. ಕೊಲ್ಹಾಪುರದ ಹೆಸರು ಎತ್ತಲಿಲ್ಲ. ಊರು ಕೆರಳಿತು. ಟಿವಿ ಕೆರಳಿತು. ಚಪ್ಪಲಿ ಬಿಟ್ಟು ಬೂಟು ಹಾಕಿ ಎಷ್ಟೋ ವರ್ಷವಾದ ಪುಢಾರಿಗಳೂ ಕೆರಳಿದರು. (ಅಥಣಿಯಲ್ಲಿ ಹೊಲಿದ ಜೋಡಿಗೂ ಕೊಲ್ಹಾಪುರಿ ಅನ್ನುವ ಹೆಸರೇ. ಆ ಮಾತು ಇನ್ನೊಂದು ದಿನ.) ಅದೇ ಜೂನ್‌ನಲ್ಲಿ, ಗಹುಂಜೆಯಲ್ಲಿ, ಟಸ್ಕರ್ಸ್ ಮೂರನೇ ಸೀಸನ್ ಆಡುತ್ತಿತ್ತು. ಪ್ರಾಡಾದವರು ಹೆಸರು ಬಿಟ್ಟು ಚಪ್ಪಲಿ ಒಯ್ದರು. ಇವರು ಚಪ್ಪಲಿ ಬಿಟ್ಟು ಹೆಸರು ಒಯ್ದರು. ಅವರಿಗೆ ಛೀಮಾರಿ, ಇವರಿಗೆ ಸಿಳ್ಳೆ.

ಮುಂದಿನ ತಿಂಗಳು ನಿಜವಾದ ಆನೆಯೇ ಹೋಯಿತು. ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಮಾಧುರಿ. ಕೋರ್ಟಿನ ಆದೇಶದಂತೆ ಜಾಮ್‌ನಗರದ ವನತಾರಾ ಪ್ರಾಣಿಧಾಮಕ್ಕೆ ಸಾಗಿಸಿದರು. ಜನ ಅತ್ತರು. ವನತಾರಾದ ಮಾಲೀಕರದೇ ಅಂತ ಜಿಯೋ ಸಿಮ್ ಬಿಟ್ಟರು. ಆಗಸ್ಟ್ 3ರಂದು ನಾಂದಣಿಯಿಂದ ಕೊಲ್ಹಾಪುರದ ಕಲೆಕ್ಟರ್ ಕಚೇರಿವರೆಗೆ 45 ಕಿಲೋಮೀಟರ್ ನಡೆದರು. ಮಾಧುರಿ ಹೆಣ್ಣಾನೆ, ದಂತವಿಲ್ಲ. ದಂತವಿರುವ ಆನೆಗಳು ಆಗಲೇ ಮೂರು ವರ್ಷದಿಂದ ಪುಣೆಯಲ್ಲೇ ಕಟ್ಟಿಹಾಕಿಸಿಕೊಂಡು ನಿಂತಿದ್ದವು. ಅವಕ್ಕಾಗಿ ಒಬ್ಬನೂ ಗಲ್ಲಿ ದಾಟಲಿಲ್ಲ.

ದೊಡ್ಡವರ ಸಂಗತಿ ಸಾಕು. ಅದೇ ಜಿಲ್ಲೆಯ ಇಚಲಕರಂಜಿಗೆ ಬನ್ನಿ.

ನನ್ನ ಅಕ್ಕನ ಮಗ ಇಲ್ಲಿ ಪಾವರ್‌ಲೂಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಹತ್ತೊಂಬತ್ತು ವರ್ಷ. ಎಡಗೈ ವೇಗದ ಬೌಲರ್. ಜಿಲ್ಲೆಯ ಒಂದು ಕ್ಲಬ್ಬು ಪ್ರತಿ ವರ್ಷ ಗಣಪತಿ ಹೋದ ಮೇಲೆ ‘ನಿವಡ ಚಾಚಣಿ’ ಇಡುತ್ತದೆ. ಆಯ್ಕೆ ಪರೀಕ್ಷೆ. ಕ್ಲಬ್ಬಿನ ಹೆಸರು ಬೇಡ. ಹೇಳಿದರೆ ಅದನ್ನೂ ಯಾರಿಗಾದರೂ ಮಾರಿಯಾರು.

ಫೀ 500 ರೂಪಾಯಿ. ಬಿಳಿ ಬಟ್ಟೆ, ಬೂಟು ಅವರವರದೇ. ಹುಡುಗ ಗೆಳೆಯನ ಬೂಟು ತಂದ. ಒಂದು ನಂಬರ್ ದೊಡ್ಡದು. ಮುಂಭಾಗಕ್ಕೆ ಮಗ್ಗದ ನೂಲಿನ ವೇಸ್ಟ್ ತುರುಕಿಕೊಂಡ. ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದಾಗ ಕೂದಲಲ್ಲಿ ಇನ್ನೂ ಹತ್ತಿ ಇತ್ತು.

ಸಿಕ್ಕಿದ್ದು ಆರು ಬಾಲು. ಎರಡು ಬ್ಯಾಟಿನ ಅಂಚು ಸವರಿಕೊಂಡು ಹೋದವು. ಐದನೆಯದು ನಡುವಿನ ಸ್ಟಂಪ್ ಕಿತ್ತಿತು. ಆಯ್ಕೆದಾರರು ಬೆನ್ನು ತಿರುಗಿಸಿ ಫೋನಿನಲ್ಲಿದ್ದರು. ಸದ್ದಿಗೆ ತಿರುಗಿ ಕೇಳಿದರು: “ನೋ ಬಾಲ್ ಏನ್ರಿ?”

ಸೆಕ್ರೆಟರಿ ಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟರು. “ಹುಡುಗ ಭಾಳ ಚಲೋ ಅದಾನ್ರಿ. ಮುಂದಿನ ವರ್ಷ ನೋಡೂಣು.” ಅವರ ಕಂಕುಳಲ್ಲಿ ಫೈಲು. ಫೈಲಿನ ಪ್ಲಾಸ್ಟಿಕ್ ಹಾಳೆಯೊಳಗೆ ಟೈಪ್ ಮಾಡಿದ ಹದಿನಾರು ಹೆಸರು. ಕೆಳಗಿನ ತಾರೀಖು ಹಿಂದಿನ ವಾರದ್ದು.

ಹದಿನಾರರಲ್ಲಿ ಐವರು ಪುಣೆಯವರು. ಅವರಿಗೆ ರೂಮು, ಊಟ, ಬೈಕಿಗೆ ಪೆಟ್ರೋಲು, ಪಂದ್ಯಕ್ಕಿಷ್ಟು ಅಂತ ಪಾಕೀಟು. ಆ ಹುಡುಗರ ತಪ್ಪಿಲ್ಲ, ಕರೆದರು, ಬಂದರು. ಆರನೆಯವನು ಸೆಕ್ರೆಟರಿಯ ಮಗ. ಆಲ್‌ರೌಂಡರ್ ಅಂತ ಬರೆದಿತ್ತು. ತಪ್ಪೇನಿಲ್ಲ. ಬ್ಯಾಟೂ ಬರುವುದಿಲ್ಲ, ಬಾಲೂ ಬರುವುದಿಲ್ಲ, ಎರಡರಲ್ಲೂ ಸಮ.

ಫೆಬ್ರವರಿಯಲ್ಲಿ ಅದೇ ಕ್ಲಬ್ಬಿನ ಬಹುಮಾನ ಸಮಾರಂಭ. ಮುಖ್ಯ ಅತಿಥಿಗಳು ಅರ್ಧ ಗಂಟೆ ಗ್ರಾಮೀಣ ಪ್ರತಿಭೆಯ ಬಗ್ಗೆ ಮಾತಾಡಿದರು. ಗ್ರಾಮೀಣ ಪ್ರತಿಭೆ ಆ ಹೊತ್ತಿಗೆ ಹಿಂದಿನ ಸಾಲಿಗೆ ಕುರ್ಚಿ ಹಾಕುತ್ತಿತ್ತು. ನನ್ನ ಅಕ್ಕನ ಮಗನೇ. ಕರೆದಿದ್ದರು, ಹೋಗಿದ್ದ.

ಫುಟ್‌ಬಾಲಿನವರೇ ಎಷ್ಟೋ ವಾಸಿ. ಅಲ್ಲಿ ಮುಚ್ಚುಮರೆ ಇಲ್ಲ. ಗಡಹಿಂಗ್ಲಜದ ದೀಪಾವಳಿ ಟೂರ್ನಿಗೆ ಹೊರರಾಜ್ಯದ ತಂಡಗಳು ಬರುತ್ತವೆ. ಕೊಲ್ಹಾಪುರದಲ್ಲಿ ಪೇಟೆಗೊಂದು ತಾಲೀಮು. ಪಾಟಾಕಡೀಲ್, ದಿಲ್‌ಬಹಾರ್, ಖಂಡೋಬಾ, ಬಾಲಗೋಪಾಲ. ಕುಸ್ತಿಯ ಗರಡಿಗಳು ಫುಟ್‌ಬಾಲ್ ತಂಡಗಳಾದವು. ನೈಜೀರಿಯಾ, ಘಾನಾದಿಂದಲೂ ಆಟಗಾರರನ್ನು ಕರೆಸಿದರು. ಶಾಹು ಸ್ಟೇಡಿಯಂನಲ್ಲಿ ಗೋಲು ಬಿದ್ದರೆ ಸಾಕು, ಹೊಡೆದವನು ಆ ಗಳಿಗೆಗೆ ನಮ್ಮ ಪೇಟೆಯವನು. ಚೆನ್ನಾಗಿದೆ, ಹಾಗೇ ಇರಲಿ. ಆದರೆ ಗಡಿ ಗಲಾಟೆ ಎದ್ದ ದಿನ ಇದೇ ಜನ ನಿಪ್ಪಾಣಿಯಿಂದ ಬಂದ ಕನ್ನಡ ಬೋರ್ಡಿನ ಬಸ್ಸಿಗೆ ಮಸಿ ಬಳಿಯುತ್ತಾರೆ. ಲಾಗೋಸಿನ ಸೆಂಟರ್ ಫಾರ್ವರ್ಡ್ ಮನೆಯವನು, ನಲವತ್ತು ಕಿಲೋಮೀಟರ್ ಆಚೆಯ ಬಸ್ಸು ಹೊರಗಿನದು. ನಕ್ಕುಬಿಡಬೇಡಿ. ಬೆಳಗಾವಿಯಲ್ಲಿ ನಮ್ಮ ಕನ್ನಡದವರು ಮಾಡುವುದೂ ಇದನ್ನೇ, ಬಸ್ಸಿನ ಬಣ್ಣ ಬೇರೆ.

ಮತ್ತೆ ಕ್ರಿಕೆಟ್ಟಿಗೆ ಬರೋಣ. ಆಡುವವನನ್ನು ಕಣ್ಣೆತ್ತಿ ನೋಡದ ಆಯ್ಕೆದಾರರ ರೋಗ ಹೊಸದೇನಲ್ಲ. ಕುರ್ಚಿ ಹಾಕಿ ಬಂದ ರಾತ್ರಿ ಹುಡುಗನಿಗೆ ಭಾವುಸಾಹೇಬ ನಿಂಬಾಳ್ಕರರ ಕಥೆ ಹೇಳಿದೆ. 1919ರ ಡಿಸೆಂಬರ್ 12ರಂದು ಕೊಲ್ಹಾಪುರದಲ್ಲಿ ಹುಟ್ಟಿದವರು. 1948ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ರಣಜಿ ಪಂದ್ಯ, ಮಹಾರಾಷ್ಟ್ರಕ್ಕೆ ಎದುರು ಕಾಠಿಯಾವಾಡ. ನಿಂಬಾಳ್ಕರ್ 443 ಔಟಾಗದೆ. ಬ್ರಾಡ್‌ಮನ್ನರ ದಾಖಲೆ 452ಕ್ಕೆ ಇನ್ನು ಒಂಬತ್ತೇ ರನ್ ಸಾಕಿತ್ತು. ವಿರಾಮದಲ್ಲಿ ಎದುರಾಳಿ ನಾಯಕ, ರಾಜಕೋಟದ ಠಾಕೂರ ಸಾಹೇಬರು, ಸಾಕು ಅಂದರು. ದಾಖಲೆ ತಮ್ಮ ಬೌಲಿಂಗಿನ ಮೇಲೆ ಬೀಳಬಾರದಲ್ಲ. ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟರು.

ಅವರನ್ನಾದರೂ ಕ್ಷಮಿಸಬಹುದು, ಎದುರಾಳಿಗಳು. ನಮ್ಮವರು ಏನು ಮಾಡಿದರು? ಆ ಚಳಿಗಾಲ ವೆಸ್ಟ್ ಇಂಡೀಸ್ ತಂಡ ಭಾರತದಲ್ಲೇ ಇತ್ತು. 443 ಆದ ಮೇಲೂ ಮೂರು ಟೆಸ್ಟ್ ಬಾಕಿ ಇದ್ದವು. ಕಲ್ಕತ್ತ, ಮದ್ರಾಸ್, ಮುಂಬೈ. ಮೂರಕ್ಕೂ ನಿಂಬಾಳ್ಕರರನ್ನು ಕರೆಯಲಿಲ್ಲ. ಆಮೇಲೂ ಕರೆಯಲಿಲ್ಲ. 2012ರ ಡಿಸೆಂಬರ್ 11ರಂದು, 93 ತುಂಬಲು ಒಂದು ದಿನ ಇರುವಾಗ ತೀರಿಕೊಂಡರು. ಆಡಿದ ಅಧಿಕೃತ ಟೆಸ್ಟ್ ಪಂದ್ಯಗಳು, ಸೊನ್ನೆ.

ಹುಡುಗ ಸುಮ್ಮನೆ ಕೇಳಿದ. ಆಮೇಲೆ, “ಮಾಮಾ, ನಾನೂರಾ ನಲವತ್ಮೂರು ಹೊಡದವರಿಗೇ ಸಿಗಲಿಲ್ಲಂದ್ರ ನನಗ ಆರು ಬಾಲಿಗೆ ಹೆಂಗ ಸಿಗತೈತಿ?” ಅಂದ. ಡಬ್ಬಿ ತಗೊಂಡು ಪಾಳಿಗೆ ಹೋದ.

ಈ ವರ್ಷದ ಫಾರ್ಮ್ ಬಂದಿದೆ. ಫೀ 600 ರೂಪಾಯಿ. ಬಿಳಿ ಬಟ್ಟೆ, ಬೂಟು ಅವರವರದೇ.