ಆ ರಿಮ್ಮನ್ನು ಗುಜರಿಗೆ ಹಾಕಬೇಡಿ, ಮೇಷ್ಟ್ರೇ

ಮೇಷ್ಟ್ರೇ, ಜಾವಾದ ಎರಡೂ ಚಕ್ರ ಬಿಚ್ಚಿ ಕಾಂಪೌಂಡಿಗೆ ಒರಗಿಸಿದ್ದೀರಲ್ಲ, ಗುಜರಿಯವನಿಗೆ ಕೊಡೋ ಯೋಚನೆ ಇದ್ದರೆ ದಯವಿಟ್ಟು ಸ್ವಲ್ಪ ತಡೀರಿ. ಮಗ ಹೊಸ ರಿಮ್ಮು ತರಿಸ್ತೀನಿ ಅಂದನಂತೆ. ಪೇಟೆಯಲ್ಲಿ ಸಿಗುತ್ತೆ, ಥಳಥಳ ಅಂತಾನೂ ಇರುತ್ತೆ. ಆದರೆ ಅದು ನಿಮ್ಮ ತಂದೆಯವರು ಓಡಿಸಿದ ಗಾಡಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ್ದು. 1961ರಲ್ಲಿ ಗಾಡಿ ಮಾಡೋಕೆ ಶುರುಮಾಡಿದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಗೇಟಿನಿಂದ ಬಂದ ಸಾಮಾನು ಇನ್ನು ಎಷ್ಟು ದುಡ್ಡು ಸುರಿದರೂ ಹುಟ್ಟೋದಿಲ್ಲ. ಉಳಿಸಿಕೊಳ್ಳೋಕೆ ಆಗೋದನ್ನ ಉಳಿಸಿಕೊಳ್ಳೋಣ.

ತುಕ್ಕು ಕಂಡ ತಕ್ಷಣ ರಿಮ್ಮು ಹೋಯ್ತು ಅಂತ ತೀರ್ಮಾನಕ್ಕೆ ಬರಬಾರದು. ನಾವು ಕ್ರೋಮ್ ಅಂತ ಕರೆಯೋದು ನಿಜಕ್ಕೂ ಪದರದ ಮೇಲೆ ಪದರ. ಉಕ್ಕಿನ ಮೇಲೆ ಕೆಲವರು ಮೊದಲು ತಾಮ್ರ ಹಾಕ್ತಾರೆ, ಅದರ ಮೇಲೆ ನಿಕಲ್, ಕೊನೆಗೆ ಕ್ರೋಮ್. ಆ ಕ್ರೋಮ್ ಇರೋದು ಒಂದು ಮೈಕ್ರಾನಿಗಿಂತ ಕಡಿಮೆ, ತಲೆಕೂದಲಿನ ನೂರನೇ ಒಂದು ಪಾಲಿನಷ್ಟೂ ದಪ್ಪ ಇಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ಮಳೆಗೆ ತಡೆಯಾಗಿ ನಿಲ್ಲೋದು ಅದರ ಕೆಳಗಿನ ನಿಕಲ್. ನಿಕಲ್ ಎಲ್ಲಿ ಸೋತಿತೋ ಅಲ್ಲಿ ನೀರು ಉಕ್ಕಿಗೆ ಇಳಿದು ಕೆಂಪು ಚುಕ್ಕಿ ಮೇಲೇಳುತ್ತೆ.

ಆ ಚುಕ್ಕಿಯನ್ನ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಪಾತಿ ಸುತ್ತೋ ಅಲ್ಯೂಮಿನಿಯಂ ಹಾಳೆ ಇರುತ್ತಲ್ಲ, ಅದನ್ನ ಉಂಡೆ ಮಾಡಿ, ನೀರಲ್ಲಿ ಅದ್ದಿ, ಒಂದು ಗೇಣು ಜಾಗ ಮೆತ್ತಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ತುಂಬಾ ಮೆದು, ಹಾಗಾಗಿ ಗೀರು ಬೀಳಲ್ಲ. ಬೂದು ಬಣ್ಣದ ಕೆಸರು ಬರುತ್ತೆ, ಬಟ್ಟೆಯಲ್ಲಿ ಒರೆಸಿ, ಉಗುರು ಆಡಿಸಿ ನೋಡಿ. ನುಣ್ಣಗೆ ಜಾರಿದರೆ ನೀವು ಗೆದ್ದಿರಿ, ವ್ಯಾಕ್ಸ್ ಹಚ್ಚಿ ಸುಮ್ಮನಾಗಿ. ಉಗುರು ಗುಳಿಗೆ ಸಿಕ್ಕಿಕೊಂಡರೆ, ಅಂಚಿನಲ್ಲಿ ಪದರ ಎದ್ದಿದ್ದರೆ, ಅಥವಾ ನೀಲಿ ಹೊಳಪಿನ ನಡುವೆ ತಿಳಿ ಹಳದಿ ನಿಕಲ್ ಇಣುಕಿದರೆ ಮಾತ್ರ ಪ್ಲೇಟಿಂಗ್ ಮಾತು. ಒಂದು ಕೆಲಸ ಮಾತ್ರ ಖಂಡಿತ ಬೇಡ: ಬಚ್ಚಲು ತೊಳೆಯೋ ಆಸಿಡ್. ಅದು ತುಕ್ಕಿನ ಜೊತೆ ಕ್ರೋಮನ್ನೂ ಕರಗಿಸಿಬಿಡುತ್ತೆ.

ಹೊರಗಿನದಕ್ಕಿಂತ ಒಳಗಿನ ತುಕ್ಕು ಅಪಾಯ. ಟೈರು, ಟ್ಯೂಬು, ರಬ್ಬರ್ ಪಟ್ಟಿ ತೆಗೆಸಿ ನಿಪ್ಪಲ್ ಕೂರೋ ತೂತುಗಳ ಸುತ್ತ ನೋಡಿ. ನೀರು ಸೇರಿ ವರ್ಷಗಟ್ಟಲೆ ನಿಲ್ಲೋ ಜಾಗ ಅದು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಪುಡಿ ಉದುರಿ ಗಟ್ಟಿ ಉಕ್ಕು ಸಿಕ್ಕರೆ ಸರಿ. ಹಪ್ಪಳದಂತೆ ಚಕ್ಕೆ ಚಕ್ಕೆಯಾಗಿ ಎದ್ದುಬಂದರೆ ಆ ರಿಮ್ಮನ್ನ ಗೋಡೆಗೆ ತೂಗುಹಾಕಿ, ರಸ್ತೆಗೆ ಬೇಡ. ಆಗ ಹೊಸದು ತರಿಸಿ ಅಂತ ನಾನೇ ಹೇಳ್ತೀನಿ.

ಉಕ್ಕು ಗಟ್ಟಿ ಇದೆ, ಪ್ಲೇಟಿಂಗಿಗೆ ಕೊಡ್ತೀರಿ ಅಂತ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದ್ದು "ಕ್ರೋಮಿಗೆ ಎಷ್ಟು" ಅಂತಲ್ಲ, "ಬಫಿಂಗ್ ಯಾರು ಮಾಡ್ತಾರೆ" ಅಂತ. ತೊಟ್ಟಿಯಲ್ಲಿ ಕ್ರೋಮ್ ಕೂರೋದು ನಿಮಿಷಗಳ ಕೆಲಸ, ಮತ್ತು ಅದು ಕೆಳಗೆ ಏನಿದೆಯೋ ಅದನ್ನೇ ಎತ್ತಿ ತೋರಿಸುತ್ತೆ. ಕೆಳಗೆ ಗೀರಿದ್ದರೆ ಹೊಳೆಯೋ ಗೀರು, ಗುಳಿಯಿದ್ದರೆ ಹೊಳೆಯೋ ಗುಳಿ. ಹಳೇ ಪದರ ಇಳಿಸಿ, ಒರಟು ಎಮರಿಯಿಂದ ಸಣ್ಣ ಎಮರಿಗೆ, ಅಲ್ಲಿಂದ ಬಟ್ಟೆ ಚಕ್ರಕ್ಕೆ ಹೋಗೋ ಆ ದುಡಿಮೆಯಲ್ಲೇ ಹೊಳಪು ಹುಟ್ಟೋದು. ಕಡ್ಡಿ ತೂತುಗಳ ಸುತ್ತಲಿನ ತಗ್ಗಿಗೆ ಚಕ್ರ ಹೋಗಲ್ಲ, ಅಲ್ಲಿ ಎಮರಿ ಪಟ್ಟಿ ಹಿಡಿದು ಕೈಯಲ್ಲೇ ಉಜ್ಜಬೇಕು. ಒಳ್ಳೇ ಕೆಲಸಗಾರನ ಗುರುತು ಆ ತಗ್ಗಿನಲ್ಲಿ ಕಾಣುತ್ತೆ. ಅವಸರದವನು ಅದನ್ನ ಬಿಟ್ಟು, ಅಂಚನ್ನ ತೆಳ್ಳಗೆ ಸವೆಸಿರುತ್ತಾನೆ. ಹಾಗಾಗಿ ಚೌಕಾಸಿ ಮಾಡೋದಾದರೆ ಬೇರೆ ಎಲ್ಲಾದರೂ ಮಾಡಿ, ಬಫಿಂಗ್ ಕೂಲಿಯಲ್ಲಿ ಬೇಡ.

ಕಡ್ಡಿಗಳನ್ನ ಮಾತ್ರ ಅದೇ ತೊಟ್ಟಿಗೆ ಹಾಕಿಸಬೇಡಿ. ಪ್ಲೇಟಿಂಗ್ ಆಗುವಾಗ ಗಟ್ಟಿ ಉಕ್ಕು ಜಲಜನಕ ಹೀರಿಕೊಂಡು ಪೆಡಸಾಗುತ್ತೆ. ಭಾರ ಹೊರೋ ಕಡ್ಡಿ ಪೆಡಸಾದರೆ ಮುರಿಯುತ್ತೆ. ಸ್ಟೇನ್‌ಲೆಸ್ ಕಡ್ಡಿ ಹಾಕಿಸಿ, ನೋಡೋಕೂ ಚೆಂದ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಹಳೇ ಪದ್ಧತಿಯ ಕ್ರೋಮ್ ತೊಟ್ಟಿಯಲ್ಲಿರೋದು ಕ್ರೋಮಿಕ್ ಆಸಿಡ್, ಅಂದರೆ ಆರು ವೇಲೆನ್ಸಿಯ ಕ್ರೋಮಿಯಂ. ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶದ ಕ್ಯಾನ್ಸರ್ ತರೋ ವಸ್ತು ಅದು. ತೊಟ್ಟಿಯ ಮುಂದೆ ದಿನವಿಡೀ ನಿಲ್ಲೋ ಹುಡುಗರಿಗೆ ಕೈಗವಸು, ಮಾಸ್ಕು, ಹೊಗೆ ಎಳೆಯೋ ಫ್ಯಾನು ಇದೆಯಾ ಅಂತ ಕಣ್ಣಾರೆ ನೋಡಿ. ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ ಬಾಯಿಬಿಟ್ಟು ಕೇಳಿ. ಚರಂಡಿಗೆ ಅಂದರೆ ಚಕ್ರ ಎತ್ತಿಕೊಂಡು ವಾಪಸ್ ಬನ್ನಿ. ನಮ್ಮ ಗಾಡಿ ಮಿಂಚಲಿ ಅಂತ ಯಾರದೋ ಎದೆ, ಯಾರದೋ ಬೋರ್‌ವೆಲ್ಲು ಕೆಡೋದು ಬೇಡ. ನೀರು ಶುದ್ಧ ಮಾಡಿ ಬಿಡೋ ಕಡೆ ಕೂಲಿ ಜಾಸ್ತಿಯಾದರೂ ಅದು ನ್ಯಾಯವಾದ ಕೂಲಿ.

ಜುಲೈ ಎರಡನೇ ಭಾನುವಾರ ಜಾವಾ ದಿನ, ಅಷ್ಟರೊಳಗೆ ಗಾಡಿ ಹೊರಡಬೇಕು ಅಂತ ಮಗನಿಗೆ ಆಸೆ ಇರೋದು ನನಗೆ ಗೊತ್ತು. ಒಳ್ಳೇ ಆಸೆ. ಇವತ್ತು ಸಂಜೆಯೇ ಟೈರ್ ಬಿಚ್ಚೋಣ, ಲಿವರ್ ನಾನು ತರ್ತೀನಿ. ಅಲ್ಯೂಮಿನಿಯಂ ಹಾಳೆ ಮಾತ್ರ ಅಮ್ಮಾವ್ರನ್ನ ಕೇಳಿ ಇಟ್ಟಿರಿ.