ಎಷ್ಟು ಹೊತ್ತು ನನ್ನ ಮುಖ ನೋಡುತ್ತೀರಿ?

ಎಲ್ ಆಂಡ್ ಟಿ ಅಧ್ಯಕ್ಷರಾದ ಶ್ರೀ ಎಸ್.ಎನ್. ಸುಬ್ರಹ್ಮಣ್ಯನ್ ಅವರಿಗೆ,

ಬೆಂಗಳೂರಿನ ಮಾರತ್‌ಹಳ್ಳಿಯಿಂದ ಒಬ್ಬ ಹೆಂಡತಿಯ ನಮಸ್ಕಾರಗಳು. ನಮ್ಮವರು ನಿಮ್ಮ ಕಂಪನಿಯವರಲ್ಲ. ಆದರೆ ನೀವು ಮಾತಾಡಿದ್ದು ನನ್ನಂಥವರ ಮುಖದ ಬಗ್ಗೆ, ಅದಕ್ಕೇ ಈ ಪತ್ರ.

ವಾರಕ್ಕೆ 90 ಗಂಟೆ ದುಡಿಯಿರಿ, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ನೀವು ಕೇಳಿದ್ದು 2025ರ ಜನವರಿಯಲ್ಲಿ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ನಿಜ ಹೇಳಲೇ? ಒಬ್ಬರು ದಿನವಿಡೀ ನನ್ನ ಮುಖ ನೋಡುತ್ತ ಕೂರುತ್ತಾರೆ ಅನ್ನುವ ಕಲ್ಪನೆಗೇ ಖುಷಿಯಾಯಿತು. ನಮ್ಮವರು ಹೋದ ಯುಗಾದಿಗೆ ಒಮ್ಮೆ ನೋಡಿದರು. ಕನ್ನಡಕ ಯಾವಾಗ ಬಂತು ಅಂದರು.

ನಿಮ್ಮ ಲೆಕ್ಕ ಹಾಕಿ ನೋಡಿದೆ. ದಿನಕ್ಕೆ ಹತ್ತಿರಹತ್ತಿರ 13 ಗಂಟೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗಿಬರಲು ಇನ್ನೂ ಮೂರು (ಇದು ಕೆಲಸವೋ ಅಲ್ಲವೋ, ಕ್ಲಚ್ ತುಳಿಯುವ ಎಡಗಾಲನ್ನೇ ಕೇಳಬೇಕು). ಉಳಿದ ಎಂಟರಲ್ಲಿ ನಿದ್ದೆ, ಸ್ನಾನ, ಊಟ, ಮಗಳ ಹೋಮ್‌ವರ್ಕು, ಅತ್ತೆಯ ಬಿಪಿ ಮಾತ್ರೆ. ಹೋಮ್‌ವರ್ಕೂ ಮಾತ್ರೆಯೂ ನನ್ನ ಪಾಲಿಗೆ, ಬಿಡಿ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ 289 ನಿಮಿಷ ಮಾಡುತ್ತಾರೆ, ಗಂಡಸರು 88. ನಮ್ಮವರು ಆಫೀಸಿನಲ್ಲಿ ಉಳಿದಷ್ಟೂ ಆ 88 ಕರಗಿ ನನ್ನ ಕಡೆ ಹರಿಯುತ್ತದೆ. ಹಾಗಾಗಿ ನಿಮ್ಮ 90ರಲ್ಲಿ ನನ್ನ ಗಂಟೆಗಳೂ ಇವೆ, ಸಂಬಳದ ಚೀಟಿಯಲ್ಲಿ ಹೆಸರಿಲ್ಲ ಅಷ್ಟೆ.

ನನ್ನಪ್ಪ ಎಚ್‌ಎಂಟಿಯಲ್ಲಿದ್ದರು. 1948ರ ಕಾರ್ಖಾನೆ ಕಾಯ್ದೆಯ 48 ಗಂಟೆ ಮುಗಿಸಿ, ಸೈರನ್ ಕೂಗಿದೊಡನೆ ಸೈಕಲ್ ಹತ್ತುತ್ತಿದ್ದರು. ದೇಶದ ಮುಂಗೈಗೆ ವಾಚು ಕಟ್ಟಿದ್ದು ಅಂಥ ಸೋಮಾರಿಗಳೇ.

ಗಂಟೆ ಹೆಚ್ಚಿದರೆ ಕೆಲಸವೂ ಹೆಚ್ಚುತ್ತದೆ ಅಂತೇನಿಲ್ಲ. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಮತ್ತೆ ಕೆದಕಿದರು. ವಾರಕ್ಕೆ 70 ಗಂಟೆ ದುಡಿಸಿದಾಗಲೂ ಹುಟ್ಟಿದ ಕೆಲಸ 56 ಗಂಟೆಯಷ್ಟೇ ಇತ್ತು. ಮಿಕ್ಕ 14 ಗಂಟೆ ಏನು ಮಾಡುತ್ತಾರೆಂದು ನನಗೆ ಗೊತ್ತು. ನಮ್ಮವರು ರಾತ್ರಿ ಹತ್ತರ ಮೇಲೆ ಕ್ರಿಕೆಟ್ ನೋಡುತ್ತ ಆಗಾಗ ಮೌಸ್ ಅಲ್ಲಾಡಿಸುತ್ತಾರೆ, ತೆರೆಯ ಮೇಲಿನ ಹಸಿರು ಚುಕ್ಕೆ ಹಳದಿಯಾಗಬಾರದಲ್ಲ. ಒಂದು ದಿನ ಆ ಕೆಲಸ ನನಗೇ ವಹಿಸಿ ಮಲಗಿಬಿಟ್ಟರು. ಚಪಾತಿ ಹಿಟ್ಟಿನ ಕೈಯಲ್ಲೇ ಅಲ್ಲಾಡಿಸಿದೆ. ಮರುದಿನ ಅವರ ಬದ್ಧತೆಗೆ ಮೆಚ್ಚುಗೆಯ ಮೇಲ್ ಬಂತು.

ಹೋದ ತಿಂಗಳು ಅವರ ಆಫೀಸಿನಿಂದ 'ಎಂಪ್ಲಾಯೀ ಎಂಗೇಜ್‌ಮೆಂಟ್' ಸಮೀಕ್ಷೆ ಬಂದಿತ್ತು. ಫೋನಿನ ಮಾತು ಕಿವಿಗೆ ಬಿದ್ದು ಅತ್ತೆ, "ಯಾರದೇ ಎಂಗೇಜ್‌ಮೆಂಟು?" ಅಂದರು. ನಿಮ್ಮ ಮಗನದ್ದೇ, ಕಂಪನಿ ಜೊತೆ ಅಂದೆ. "ಅಯ್ಯೋ, ಅವನಿಗೆ ಮದುವೆಯಾಗಿದೆ ಅಂತ ಹೇಳಲಿಲ್ಲವೇನೇ ಅವರಿಗೆ?"

ಆ ಸಮೀಕ್ಷೆಯನ್ನು ಅವರು ತುಂಬಿದ್ದು ಭಾನುವಾರ, ನನ್ನ ಎದುರಿಗೇ ಕೂತು. ತಲೆ ಎತ್ತಲಿಲ್ಲ.

ಇಂತಿ,
ನೋಡಿಸಿಕೊಳ್ಳಲು ಕಾದಿರುವವಳು