ಹಿಟ್ಟಿನ ಕೋಳಿಯೂ ಇಪ್ಪತ್ತು ಮುಖದ ದಾಳವೂ

ವೆಕ್ನಾ ಅಂತ ಒಬ್ಬ ಮಾಂತ್ರಿಕ. ಅವನದ್ದು ಅಂತ ಉಳಿದದ್ದು ಒಂದು ಎಡಗೈ, ಒಂದು ಕಣ್ಣು. ಆ ಕೈಯ ಶಕ್ತಿ ಬೇಕಾದವನು ತನ್ನ ಎಡಗೈ ಕತ್ತರಿಸಿಕೊಂಡು ಮೊಂಡಿಗೆ ಅದನ್ನು ಹಿಡಿದರೆ ಸಾಕು, ತಾನಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಕೈ ಹೇಳಿದಂತೆ ಯಜಮಾನ ಕೇಳಬೇಕು. ಇದನ್ನು ನಾನು ವಿವರಿಸುತ್ತಿದ್ದಾಗ ಅವ್ವ ಅಡಿಕೆ ಸುಲಿಯುವುದನ್ನು ನಿಲ್ಲಿಸಿ, "ಇಲ್ಲಿ ಸುಲಿಯೋಕೆ ಆಳು ಸಿಗ್ತಿಲ್ಲ, ಅವ್ರು ಇರೋ ಕೈನೂ ಕಡ್ಕೊಂತಾರಂತಾ?" ಅಂದಳು.

ಈ ಕೈ ಹುಟ್ಟಿದ್ದು 1976ರಲ್ಲಿ, 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಒಂದು ಪುರವಣಿ ಪುಸ್ತಕದಲ್ಲಿ. ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು 1974ರಲ್ಲಿ. ತಾಳಮದ್ದಳೆಗೆ ಭಾಗವತರ ಬದಲು ದಾಳ ಕೊಟ್ಟರೆ ಹೇಗಿರುತ್ತದೋ ಹಾಗಿದೆ: ವೇಷವಿಲ್ಲ, ರಂಗವಿಲ್ಲ, ಮೇಜಿನ ಸುತ್ತ ಕೂತು ತಮ್ಮ ತಮ್ಮ ಪಾತ್ರದ ಮಾತಾಡುವುದು, ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕತೆ ನಡೆಸುವವನು ಡಂಜನ್ ಮಾಸ್ಟರ್. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಕ್ಕನ ಮಗನಿಗೆ ಈಗ ಆ ಪಟ್ಟ. ಆಡುವವರು ಎಲ್ಲ ಪುಸ್ತಕ ಅರೆದು ಕುಡಿದವರಂತೆ. ವೆಕ್ನಾನ ಕೈ ಅಂದರೆ ಆಕಳಿಸುತ್ತಾರಂತೆ. "ಮಾವ, ಮುಟ್ಟಿದ್ರೆ ಕೆಡೋ ಅಂಥದ್ದು ನಿಮ್ ಕಡೆ ಏನಾದ್ರೂ ಇದ್ರೆ ನೋಡಿ" ಎಂದು ಈರುಳ್ಳಿ ರೇಟು ವಿಚಾರಿಸುವ ದನಿಯಲ್ಲಿ ಹೇಳಿದ.

ಕೆರೆಯನ್ನೇ ಅಂಬುಧಿ ಎಂದು ಕರೆದ ಊರು ನಮ್ಮ ಬುಕ್ಕಾಂಬುಧಿ. ಇಲ್ಲಿ ದೊಡ್ಡ ಮಾತಿಗೆ ಬರವಿಲ್ಲ ಎಂದು ಧೈರ್ಯವಾಗಿ ಒಪ್ಪಿಕೊಂಡೆ. ಅರಳಿಕಟ್ಟೆಯಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಹಾಡು: ನಿಧಿ, ನಿಧಿ ಕಾಯುವ ಸರ್ಪ. ಮೂರುದಾರಿ ಕೂಡುವಲ್ಲಿ ಇಟ್ಟ ಕುಂಕುಮದ ನಿಂಬೆಹಣ್ಣು ಇದ್ದುದರಲ್ಲಿ ವಾಸಿ. ಹೆಲ್ಮೆಟ್ಟಿಲ್ಲದೆ ಮೂವರನ್ನು ಕೂರಿಸಿಕೊಂಡು ಅಜ್ಜಂಪುರಕ್ಕೆ ಹೋಗುವ ಧೀರನೂ ಅದನ್ನು ಕಂಡರೆ ಬೈಕನ್ನು ಸುತ್ತು ಹಾಕಿಸುತ್ತಾನೆ. ಆದರೆ ನಿಂಬೆಹಣ್ಣಿಗೆ ಹಿಂದಿನ ಕತೆ ಇಲ್ಲ. ಅಳಿಯನಿಗೆ ಬೇಕಾದದ್ದೇ ಹಿಂದಿನ ಕತೆ.

ಹಾಗಾಗಿ ಶಾಸನಗಳಿಗೆ ಕೈ ಹಾಕಿದೆ. ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದ. ಇದನ್ನು ಬಿಡಿಸಿದರೆ ಬರೀ ದಾನ, ಗದ್ದೆ, ಗಡಿ. ಕೊನೆಗೆ ಬಂದಾಗ ಮಾತ್ರ ಕಲ್ಲಿಗೆ ಸಿಟ್ಟು ಬರುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿರಲಿ ಎಂಬುದು ನಾಡಿನ ಶಾಸನಗಳಿಗೆಲ್ಲ ಮಾಮೂಲಿ ಶಾಪ. ಅಮೆರಿಕದವರ 1979ರ ಮಾಸ್ಟರ್ ಕೈಪಿಡಿಯಲ್ಲಿ ಮಾಯಾವಸ್ತುಗಳ ಗುಣದೋಷದ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಮಾಸ್ಟರೇ ತುಂಬಿಕೊಳ್ಳಲಿ ಎಂದು. ತಾಲ್ಲೂಕು ಕಚೇರಿಯ ಫಾರಮ್ಮಿನ ಹಾಗೆ ಶಾಪವನ್ನು ಖಾಲಿ ಬಿಡುವುದು ನಮ್ಮವರಿಗೆ ಕನಸಲ್ಲೂ ಹೊಳೆಯುತ್ತಿರಲಿಲ್ಲ. ಅಳಿಯ ಮಾತ್ರ, "ನಮ್ಮವರು ಭೂಮಿ ಕಿತ್ಕೊಳಲ್ಲ ಮಾವ, ಬರೀ ಗುಹೆ ಲೂಟಿ ಮಾಡ್ತಾರೆ" ಎಂದು ತಳ್ಳಿಹಾಕಿದ.

ದಾರಿ ತೋರಿಸಿದ್ದು ತರೀಕೆರೆ ಹತ್ತಿರದ ಅಮೃತಾಪುರ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅಲ್ಲಿದೆ. ಅಲ್ಲಿಯ 1197ರ ಶಾಸನ ಬರೆದವನು ಕವಿ ಜನ್ನ. ಅದೇ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಯಶೋಧರ ರಾಜನಿಗೆ ಪ್ರಾಣಿ ಬಲಿ ಕೊಡಲು ಮನಸ್ಸಿಲ್ಲ, ತಾಯಿ ಬಿಡುವುದಿಲ್ಲ. ಒಪ್ಪಂದಕ್ಕೆ ಒಂದು ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾರೆ. ಕಡಿದದ್ದೇ ತಡ, ಹಿಟ್ಟು ಕೂಗುತ್ತದೆ! ಅಲ್ಲಿಂದ ಶುರು ತಾಯಿಮಗನ ಗೋಳು. ವಿಷ ಉಂಡು ಸತ್ತು, ಮಗ ನವಿಲಾಗಿ ತಾಯಿ ನಾಯಿಯಾಗಿ ಹುಟ್ಟಿ, ಆ ನಾಯಿಯೇ ನವಿಲನ್ನು ಹಿಡಿದು, ಮುಂದೆ ಜನ್ಮದ ಮೇಲೆ ಜನ್ಮ.

ಅಳಿಯ ಫೋನಿನಲ್ಲೇ ಕುಣಿದ. ಅವನ ಆಟದಲ್ಲಿ ಸತ್ತವನು ಹೊಸ ಹಾಳೆ ತಗೊಂಡು ಹೊಸ ಹೆಸರು ಬರೆದು ಐದು ನಿಮಿಷದಲ್ಲಿ ವಾಪಸ್ಸು ಬರುತ್ತಾನೆ. ಸಾವಿಗೆ ಹೆದರುವವರೇ ಇಲ್ಲ. ಜನ್ನನ ಕೋಳಿ ಹಾಗೆ ಬಿಡುವ ಪೈಕಿ ಅಲ್ಲ, ಹೊಸ ಹಾಳೆಯ ಮೇಲೂ ಹಳೇ ಲೆಕ್ಕವನ್ನೇ ಬರೆಯುತ್ತದೆ. ಅದೂ ಏನು ವಸ್ತು? ವಜ್ರವಲ್ಲ, ಖಡ್ಗವಲ್ಲ. ಹಿಟ್ಟು! ವೆಕ್ನಾನ ಕೈಗಿಂತ ಇದು ಎಷ್ಟೋ ಪಾಲು ಭಯಂಕರ ಎನ್ನುವುದು ನನ್ನ ತೀರ್ಮಾನ. ಕೈ ಕತ್ತರಿಸಿಕೊಳ್ಳುವವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿರುತ್ತದೆ. ಇಲ್ಲಿ ಪಾಪವಾಗದಿರಲೆಂದು ಉಪಾಯ ಹೂಡಿದವನೇ ಸಿಕ್ಕಿಬೀಳುತ್ತಾನೆ.

ಮೇಜಿನ ಮೇಲೆ ಇಡಲು ಒಂದು ಫೋಟೊ ಬೇಕೆಂದ. ಅವ್ವ ಉಕ್ಕರಿಸಿದ ಅಕ್ಕಿಹಿಟ್ಟಿನಲ್ಲಿ ಕೋಳಿ ಮಾಡಿದಳು. ಕಣ್ಣಿಗೆ ಮೆಣಸಿನ ಕಾಳು, ಜುಟ್ಟಿಗೆ ಬ್ಯಾಡಗಿ ಮೆಣಸಿನಕಾಯಿಯ ಚೂರು, ಬಾಲಕ್ಕೆ ಬೆರಳಲ್ಲಿ ಒತ್ತಿದ ಗೀರು. ಸ್ಟೀಲ್ ತಟ್ಟೆಯಲ್ಲಿ ಕೂತು ಅದು ನಮ್ಮನ್ನೇ ನೋಡತೊಡಗಿತು. ಫೋಟೊ ಆಯಿತು, ಇನ್ನು ಮುರಿದು ರೊಟ್ಟಿ ತಟ್ಟು ಎಂದೆ. "ನೀನೇ ಮುರಿ" ಅಂದಳು. ಹೆಂಡತಿಯ ಕಡೆ ನೋಡಿದೆ. ಅವಳಿಗೆ ಒಮ್ಮೆಲೇ ಹಿತ್ತಲಲ್ಲಿ ಕೆಲಸ ನೆನಪಾಯಿತು. ನಾನು ವಿಚಾರವಾದಿಯೇ. ಆದರೂ ಅವತ್ತು ಮಧ್ಯಾಹ್ನ ಬರೀ ಅನ್ನ ಸಾರು ಉಂಡೆವು. ಸಂಜೆ ಹಸುವಿನ ಮುಂದೆ ತಟ್ಟೆ ಇಟ್ಟು ಮೂವರೂ ಬೇರೆ ಕಡೆ ಮುಖ ತಿರುಗಿಸಿ ನಿಂತೆವು. ಕೂಗಿನ ಸದ್ದೇನೂ ಬರಲಿಲ್ಲ.

ಆಟದ ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಆಟಗಾರರು ಬಹಳ ಜಾಣರಾಗಿ, ಜೀವ ಇಲ್ಲದ ಕೋಳಿ ತಾನೆ, ಯಾರಿಗೂ ನೋವಿಲ್ಲ ಎಂದು ಚರ್ಚೆ ಮಾಡಿ ಕಡಿದೇಬಿಟ್ಟಿದ್ದರು. ಕಡಿದವನು ನವಿಲು, ಹಾಗೆ ಸಲಹೆ ಕೊಟ್ಟವಳು ನಾಯಿ.

"ಮಾವ, ನವಿಲಿಗೆ ಬೀಗ ತೆಗೆಯೋಕೆ ಬರುತ್ತಾ?"

"ಇಲ್ಲಪ್ಪಾ. ಜಾಸ್ತಿ ಅಂದ್ರೆ ಕಣ್ಣು ಕುಕ್ಕಬಹುದು. ನಾಯಿ ಎಲ್ಲಿದೆ ಮೊದಲು ನೋಡ್ಕೊ ಅನ್ನು."

ಅಷ್ಟರಲ್ಲಿ ಆಚೆಯಿಂದ ಗಲಾಟೆ. ನಾಯಿ ಆಗಲೇ ದಾಳ ಉರುಳಿಸಿಯಾಗಿತ್ತು, ಹತ್ತೊಂಬತ್ತು ಬಿತ್ತಂತೆ.